ಲಿಂಕಿನ ಮೊದಲ ಪದ

ಈಚೆಗೆ ಕೊಡಗಿನ ಒಂದು ಹೋಂಸ್ಟೇಯ ವೆಬ್‌ಸೈಟ್ ಸರಿ ಮಾಡಿಕೊಡಬೇಕಿತ್ತು. ಸಂಪರ್ಕ ಪುಟದಲ್ಲಿ ಮೂರು ಬಟನ್. ಫೋನ್, ಇಮೇಲ್ ಎರಡೂ ತೆರೆದುಕೊಂಡವು. ಮೂರನೆಯದು ಎಷ್ಟು ಒತ್ತಿದರೂ ಸುಮ್ನೆ ಇತ್ತು. ಅದರ ಲಿಂಕ್ ‘ಸ್ಕೈಪ್:’ ಎಂದು ಶುರುವಾಗುತ್ತಿತ್ತು. ಸ್ಕೈಪ್ 2025ರ ಮೇ ತಿಂಗಳಲ್ಲೇ ನಿಂತುಹೋಗಿದೆ.

ಕೋಲನ್‌ಗೆ ಮುಂಚೆ ಬರುವ ಆ ಪದಕ್ಕೆ ಸ್ಕೀಮ್ ಅನ್ನುತ್ತೇವೆ. ಯಾವ ಆ್ಯಪ್ ತೆರೆಯಬೇಕು ಅಂತ ಫೋನಿಗೆ ಗೊತ್ತಾಗುವುದು ಅದರಿಂದ. ಇಮೇಲ್ ಲಿಂಕಿನ ‘ಮೇಲ್‌ಟು’ 1994ರ ಆರ್‌ಎಫ್‌ಸಿ 1738ರಲ್ಲೇ ಇದೆ. ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ ಹೇಗೆ ಕೆಲಸ ಮಾಡಬೇಕು ಅಂತ ಹೇಳುವ, ನಂಬರ್ ಇರುವ ದಾಖಲೆ. ಆಮೇಲೆ ಎಷ್ಟೋ ಇಮೇಲ್ ಕಂಪನಿಗಳು ಬಂದವು, ಹೋದವು. ಆ ಪದ ಇವತ್ತಿಗೂ ಕೆಲಸ ಮಾಡುತ್ತದೆ. ಅದು ಕಂಪನಿಯ ಹೆಸರಲ್ಲ, ಕೆಲಸದ ಹೆಸರು. ‘ಟೆಲ್’, ‘ಎಸ್‌ಎಂಎಸ್’ ಕೂಡ ಹಾಗೇ. ಹಣ ಕಳಿಸುವ ‘ಯುಪಿಐ’ ಲಿಂಕನ್ನೇ ನೋಡಿ. ಆಂಡ್ರಾಯ್ಡ್ ಫೋನಿನಲ್ಲಿ ಒತ್ತಿದರೆ ಇರುವ ಪೇಮೆಂಟ್ ಆ್ಯಪ್‌ಗಳನ್ನೆಲ್ಲ ತೋರಿಸಿ, ಯಾವುದು ಬೇಕು ಅಂತ ಕೇಳುತ್ತದೆ.

ಸ್ವಂತ ಆ್ಯಪ್‌ಗೆ ಸ್ಕೀಮ್ ಬೇಕಾದಾಗ ಕಷ್ಟ ಜಾಸ್ತಿ. ಕ್ಲಿನಿಕ್ ಒಂದರ ಆ್ಯಪ್ ಮಾಡುವಾಗ, ‘ಸ್ಕೀಮ್ ಡಾಕ್ಟರ್ ಅಂತಲೇ ಇಡೋಣ, ಚಿಕ್ಕದಾಗಿದೆ ಅಲ್ವಾ?’ ಎಂದರು ಕ್ಲಿನಿಕ್‌ನವರು. ಬೇಡವೇ ಬೇಡ ಎಂದೆ. ಅದೇ ಪದವನ್ನು ಇನ್ನೊಂದು ಆ್ಯಪ್ ಕೂಡ ಹೇಳಿಕೊಳ್ಳಬಹುದು. ಐಫೋನ್‌ನಲ್ಲಿ ಎರಡು ಆ್ಯಪ್ ಒಂದೇ ಸ್ಕೀಮ್ ಹಿಡಿದರೆ ಲಿಂಕ್ ಯಾವುದರ ಕೈಗೆ ಹೋಗುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ರೋಗಿಯ ವಿಷಯ ಬೇರೆಯವರ ಆ್ಯಪ್‌ಗೆ ಹೋದರೆ? 2015ರ ಆರ್‌ಎಫ್‌ಸಿ 7595 ಇದಕ್ಕೆ ಒಳ್ಳೆಯ ದಾರಿ ಹೇಳುತ್ತದೆ. ತೀರಾ ಸಾಮಾನ್ಯ ಪದ ಬಿಡಿ, ನಿಮ್ಮದೇ ಡೊಮೇನ್ ಹೆಸರನ್ನು, ಅಂದರೆ ವೆಬ್‌ಸೈಟ್ ವಿಳಾಸವನ್ನು, ಹಿಂದುಮುಂದಾಗಿ ಬರೆಯಿರಿ, ‘ಕಾಮ್’ ಮೊದಲು ಬರಲಿ. ನೋಡಲು ಉದ್ದ, ಆದರೆ ಆ ಡೊಮೇನ್ ನಿಮ್ಮದು. ಎಲ್ಲರೂ ಬಳಸಲಿ ಅನ್ನುವಂಥ ಸ್ಕೀಮ್ ಆದರೆ ಇಂಥ ಹೆಸರುಗಳ ಪಟ್ಟಿ ಇಡುವ ಐಯಾನಾ ಸಂಸ್ಥೆಯಲ್ಲಿ ನೋಂದಾಯಿಸಿ.

ಸ್ಕೀಮ್ ಬರೆಯುವಾಗ ಮೊದಲನೆಯದು ಇಂಗ್ಲಿಷ್ ಅಕ್ಷರವೇ ಆಗಿರಬೇಕು. ಆಮೇಲೆ ಇಂಗ್ಲಿಷ್ ಅಕ್ಷರ, ಅಂಕಿ, ಪ್ಲಸ್, ಹೈಫನ್, ಚುಕ್ಕೆ ಬರಬಹುದು. ಅಂಡರ್‌ಸ್ಕೋರ್ ಆಗದು. ಕನ್ನಡ ಅಕ್ಷರಕ್ಕೂ ಅಲ್ಲಿ ಜಾಗವಿಲ್ಲ, ನನಗೆ ಅದು ಬೇಸರದ ಸಂಗತಿ.

ಹೋಂಸ್ಟೇಯ ಫೋನ್ ಬಟನ್‌ನಲ್ಲೂ ಒಂದು ತಪ್ಪಿತ್ತು. ‘ಟೆಲ್’ ಆದಮೇಲೆ ನಂಬರ್ ಎಸ್‌ಟಿಡಿ ಕೋಡ್‌ನ ಸೊನ್ನೆಯಿಂದ ಶುರುವಾಗಿತ್ತು. ಊರಲ್ಲಿ ಒತ್ತಿದರೆ ಕರೆ ಹೋಗುತ್ತದೆ. ದುಬೈನಿಂದ ಒತ್ತಿದವರಿಗೆ ಹೋಗುವುದಿಲ್ಲ. ಸೊನ್ನೆ ತೆಗೆದು +91 ಹಾಕಿದೆ. ಸ್ಕೈಪ್ ಬಟನ್ ಇದ್ದ ಜಾಗದಲ್ಲಿ ಈಗ ಎಸ್‌ಎಂಎಸ್ ಲಿಂಕ್ ಇದೆ.