ಬೌಲಿಂಗ್ ಬಾಲ್ ಕೈಗೆ ಸರಿಹೊಂದದಿದ್ದರೆ ಏನಾಗುತ್ತದೆ: ತೂತು, ಸ್ಪ್ಯಾನ್, ಹೆಬ್ಬೆರಳಿನ ನರ

ಟೆನ್‌ಪಿನ್ ಬೌಲಿಂಗ್ (ಭಾರದ ಬಾಲ್ ಉರುಳಿಸಿ ಹತ್ತು ಪಿನ್ ಬೀಳಿಸುವ ಆಟ) ಕಲಿಯಲು ಬಂದವರು ಮೊದಲು ಕೇಳುವ ಪ್ರಶ್ನೆ ‘ನಂಗೆ ಎಷ್ಟು ಪೌಂಡಿನ ಬಾಲ್ ಸರಿಹೋಗುತ್ತೆ?’ ಅಂತ. ಬಾಲ್‌ನ ತೂಕ ಗರಿಷ್ಠ 16 ಪೌಂಡ್, ಅಂದರೆ ಸುಮಾರು 7.26 ಕೆ.ಜಿ. ತೂಕ ಹೆಚ್ಚಾದರೆ ಭುಜ, ಸೊಂಟ ನೋಯುತ್ತವೆ, ನಿಜ. ಬೆರಳು, ಹೆಬ್ಬೆರಳು, ಮಣಿಕಟ್ಟಿನ ತೊಂದರೆಗಳು ಮಾತ್ರ ಬಹುಪಾಲು ಬಾಲ್‌ನಲ್ಲಿ ಬೆರಳು ತೂರಿಸುವ ತೂತುಗಳಿಂದಲೇ ಬರುತ್ತವೆ. ಈ ಟಿಪ್ಪಣಿ ಪೂರ್ತಿ ಅದರ ಬಗ್ಗೆ.

ಒಂದು ಲೆಕ್ಕ ಹಾಕಿ. ಹೊಸಬರು ಒಂದು ಗೇಮ್‌ನ 10 ಫ್ರೇಮ್‌ಗಳಲ್ಲಿ, ಅಂದರೆ ಸರದಿಗಳಲ್ಲಿ, ಸುಮಾರು 17-18 ಸಲ ಎಸೆಯುತ್ತಾರೆ. ಮೂರು ಗೇಮ್ ಆಡಿದರೆ 50 ದಾಟುತ್ತದೆ. 12 ಪೌಂಡಿನ ಬಾಲ್ ಅಂದರೆ ಸುಮಾರು 5.4 ಕೆ.ಜಿ. ಒಂದು ಸಂಜೆಗೆ ತೂತಿಗೆ ಹಾಕುವ ಮೂರು ಬೆರಳುಗಳ (ಹೆಬ್ಬೆರಳು, ನಡುಬೆರಳು, ಉಂಗುರಬೆರಳು) ಮೇಲೆ ಹಾದುಹೋಗುವ ಭಾರ 270 ಕೆ.ಜಿ.ಗೂ ಹೆಚ್ಚು. ಬಾಲ್ ಕೈಗೆ ಹೊಂದಿದ್ದರೆ, ನೀರು ತುಂಬಿದ ಬಕೆಟ್‌ನ ಹಿಡಿಕೆ ಬೆರಳಿಗೆ ನೇತುಬಿದ್ದಿರುತ್ತದಲ್ಲ, ಹಾಗೆ ಈ ಭಾರವೂ ತಾನಾಗಿ ನೇತಾಡುತ್ತದೆ. ಹೊಂದದಿದ್ದರೆ ಬಾಲ್ ಜಾರಬಾರದೆಂದು ಪ್ರತಿ ಸಲವೂ ಹಿಂಡಿ ಹಿಡಿಯಬೇಕಾಗುತ್ತದೆ. ಗಾಯದ ಮೂಲ ಈ ಹಿಂಡುವಿಕೆಯೇ. ಬೆರಳು ಮಡಚುವ ದೊಡ್ಡ ಸ್ನಾಯುಗಳು ಇರುವುದು ಮುಂದೋಳಿನಲ್ಲಿ. ಆದ್ದರಿಂದ ಹಿಂಡಿದಷ್ಟೂ ನೋವು ಮಣಿಕಟ್ಟಿಗೆ, ಮೊಣಕೈಗೆ ಏರುತ್ತದೆ. ವಾರವಿಡೀ ಕೀಬೋರ್ಡ್ ಕುಟ್ಟಿ ಶುಕ್ರವಾರ ಸಂಜೆ ಟೀಮ್ ಜೊತೆ ಲೇನ್‌ಗೆ ಬರುವ ಬೆಂಗಳೂರಿನವರ ಮುಂದೋಳು ಮೊದಲೇ ದಣಿದಿರುತ್ತದೆ ಅನ್ನುವುದನ್ನೂ ಮರೆಯಬೇಡಿ.

ಹೌಸ್ ಬಾಲ್‌ನ ತೊಡಕು

ದೊಡ್ಡ ಬೌಲಿಂಗ್ ಸೆಂಟರ್ ಇರಲಿ, ಯಾವುದೋ ಮಾಲ್‌ನ ಲೇನ್ ಇರಲಿ, ಎಲ್ಲರ ಬಳಕೆಗೆ ರ‍್ಯಾಕ್‌ನಲ್ಲಿಟ್ಟಿರುವ ಬಾಲ್‌ಗಳನ್ನು, ಅಂದರೆ ಹೌಸ್ ಬಾಲ್‌ಗಳನ್ನು, ಯಾರೊಬ್ಬರ ಕೈ ಅಳತೆಗೂ ಕೊರೆದಿರುವುದಿಲ್ಲ. ಸಾಮಾನ್ಯವಾಗಿ ತೂಕ ಏರಿದಂತೆ ತೂತೂ ದೊಡ್ಡದಾಗುತ್ತದೆ, ತೂತುಗಳ ನಡುವಿನ ದೂರವೂ ಹೆಚ್ಚುತ್ತದೆ. ಸಣ್ಣ ಕೈಯ, ಗಟ್ಟಿ ತೋಳಿನ ಹುಡುಗಿ 12 ಪೌಂಡ್ ಎತ್ತಿಕೊಂಡರೆ ತೂತು ಸಡಿಲ. ದಪ್ಪ ಬೆರಳಿನ ಹಿರಿಯರು ಹಗುರ ಇರಲಿ ಅಂತ 8 ಪೌಂಡ್ ತೆಗೆದುಕೊಂಡರೆ ಹೆಬ್ಬೆರಳು ಸಿಕ್ಕಿಹಾಕಿಕೊಳ್ಳುತ್ತದೆ. ಹಾಗಾಗಿ ಮೊದಲು ಹೆಬ್ಬೆರಳಿಗೆ ಹೊಂದುವ ತೂತು ಹುಡುಕಿ, ಆಮೇಲೆ ತೂಕ ನೋಡಿ. ಒಂದೇ ತೂಕದ ನಾಲ್ಕೈದು ಬಾಲ್ ಹಾಕಿ ನೋಡಿದರೆ ಒಂದಕ್ಕೊಂದು ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಹೊಂದಿದ್ದು ಸಿಕ್ಕಿದರೆ ಬಣ್ಣ, ಮೇಲಿರುವ ಸಂಖ್ಯೆ ಗುರುತಿಟ್ಟುಕೊಳ್ಳಿ. ಎಸೆದ ಬಾಲನ್ನು ವಾಪಸ್ ತರುವ ಬಾಲ್ ರಿಟರ್ನ್ ಸಾಮಾನ್ಯವಾಗಿ ಎರಡು ಲೇನ್‌ಗೆ ಒಂದೇ ಆಗಿರುವುದರಿಂದ ಪಕ್ಕದವರ ಬಾಲ್ ಕೈಗೆ ಬರುವುದು ಸುಲಭ.

ಆರಿಸುವಾಗ ಮಾಡಬೇಕಾದ ಪರೀಕ್ಷೆ

ಬಾಲನ್ನು ರ‍್ಯಾಕ್ ಮೇಲೇ ಇಟ್ಟುಕೊಂಡು ಮಾಡಿ. ಹೆಬ್ಬೆರಳನ್ನು ಬುಡದವರೆಗೂ ತೂರಿಸಿ, ಒಳಗೇ ಆಚೆ ಈಚೆ ತಿರುಗಿಸಿ. ಸುತ್ತಲೂ ಚರ್ಮ ಹಗುರವಾಗಿ ತಾಗಬೇಕು, ಎಲ್ಲೂ ಕಚ್ಚಬಾರದು. ಹೊರಗೆಳೆದಾಗ ಬಾಲ್ ಜೊತೆಗೆ ಮೇಲೇಳಬಾರದು. ಒಳಗೆ ನಿಲ್ಲಿಸಲು ಗೆಣ್ಣು ಮಡಚಬೇಕಾಗಿ ಬಂದರೆ ತೂತು ದೊಡ್ಡದು.

ಇನ್ನು ಸ್ಪ್ಯಾನ್. ಹೆಬ್ಬೆರಳ ತೂತಿನ ಅಂಚಿನಿಂದ ಬೆರಳ ತೂತಿನ ಅಂಚಿನವರೆಗಿನ ದೂರಕ್ಕೆ ಹಾಗೆನ್ನುತ್ತಾರೆ. ಹೆಬ್ಬೆರಳನ್ನು ಪೂರ್ತಿ ಒಳಗಿಟ್ಟು, ನಡುಬೆರಳು ಮತ್ತು ಉಂಗುರಬೆರಳನ್ನು ತೂತುಗಳ ಮೇಲೆ ಎಳೆಯದೆ ಚಪ್ಪಟೆಯಾಗಿ ಮಲಗಿಸಿ. ಹೌಸ್ ಬಾಲ್‌ನಲ್ಲಿ ಎರಡನೇ ಗೆಣ್ಣಿನ ಗೆರೆ, ತೂತಿನ ಹತ್ತಿರದ ಅಂಚನ್ನು ಸುಮಾರು ಕಾಲು ಇಂಚು ದಾಟಿರಬೇಕು. ಗೆರೆ ಅಂಚಿಗೇ ಮುಟ್ಟದಿದ್ದರೆ ಸ್ಪ್ಯಾನ್ ಉದ್ದ. ತೂತಿನ ನಡುವನ್ನೂ ದಾಟಿ ಹೋದರೆ ಗಿಡ್ಡ. ಬಳಿಕ ಮೂರೂ ಬೆರಳು ಒಳಗಿಟ್ಟು ಅಂಗೈಗೂ ಬಾಲಿಗೂ ನಡುವೆ ಪೆನ್ಸಿಲ್ ತೂರಿಸಿ. ಬಿಗಿಯಾಗಿ ಕೂತರೆ ಸರಿ. ಪೆನ್ಸಿಲ್ ನುಗ್ಗದಷ್ಟು ಚರ್ಮ ಎಳೆದುಕೊಂಡಿದ್ದರೆ ಉದ್ದವಾಯಿತು, ಸಡಿಲವಾಗಿ ಅಲ್ಲಾಡಿದರೆ ಗಿಡ್ಡವಾಯಿತು.

ಕೊನೆಗೆ ಅಂಚು. ತೂತಿನ ಬಾಯಿ ಸುತ್ತ ಬೆರಳಾಡಿಸಿ ನೋಡಿ. ಒಡೆದು ಚೂಪಾಗಿದ್ದರೆ ಆ ಬಾಲ್ ಬೇಡವೇ ಬೇಡ.

ಹೆಬ್ಬೆರಳಿನ ನರ

ಹೆಚ್ಚು ಹೊತ್ತು ಕೊಟ್ಟು ಓದಬೇಕಾದ ಭಾಗ ಇದು. ಹೆಬ್ಬೆರಳಿನ ತೋರುಬೆರಳ ಕಡೆಯ ಬದಿಯಲ್ಲಿ ಒಂದು ಸಂವೇದನಾ ನರ ಹಾದುಹೋಗುತ್ತದೆ. ಬುಡದ ಗೆಣ್ಣಿನ ಹತ್ತಿರ ಅದು ಚರ್ಮದ ಕೆಳಗೇ ಇದೆ, ಅದನ್ನು ಕಾಯುವ ಮಾಂಸದ ಪದರ ತೀರಾ ತೆಳು, ಒಳಗಡೆ ಮೂಳೆ. ಬಾಲ್ ಬಿಡುವ ಕ್ಷಣದಲ್ಲಿ ತೂತಿನ ಅಂಚು ಸರಿಯಾಗಿ ಇಲ್ಲೇ ಒತ್ತುತ್ತದೆ. ಅಂಚು ಚೂಪಾಗಿದ್ದರೆ, ತೂತು ಬಿಗಿಯಾಗಿದ್ದರೆ, ಸ್ಪ್ಯಾನ್ ಉದ್ದವಾಗಿ ಹೆಬ್ಬೆರಳು ಓರೆಯಾಗಿ ಹೊರಬರುತ್ತಿದ್ದರೆ ಒತ್ತಡ ಇನ್ನೂ ಹೆಚ್ಚು. ತಿಂಗಳುಗಟ್ಟಲೆ ಹೀಗೇ ಆದರೆ ನರದ ಸುತ್ತ ನಾರಿನಂಥ ಅಂಗಾಂಶ ಬೆಳೆದು ಗಂಟಾಗುತ್ತದೆ. ವೈದ್ಯರು ಇದನ್ನು ಬೌಲರ್ಸ್ ಥಂಬ್ ಎನ್ನುತ್ತಾರೆ. 1972ರಲ್ಲಿ ಅಮೆರಿಕದ ಮೂಳೆ ಶಸ್ತ್ರಚಿಕಿತ್ಸೆಯ ಪತ್ರಿಕೆಯಲ್ಲಿ ಇಂಥ 17 ರೋಗಿಗಳ ವಿವರಗಳು ಒಟ್ಟಿಗೆ ಪ್ರಕಟವಾಗಿದ್ದವು.

ಗಮನಿಸಬೇಕಾದ ಲಕ್ಷಣ ನೋವಷ್ಟೇ ಅಲ್ಲ, ಜೋಮು ಕೂಡ. ಆಟ ಮುಗಿಸಿ ಮೆಟ್ರೋದಲ್ಲಿ ಮೊಬೈಲ್ ಹಿಡಿದಾಗ ಹೆಬ್ಬೆರಳ ಒಳಬದಿ ಮರಗಟ್ಟಿದಂತೆ ಅನ್ನಿಸುತ್ತದೆ. ಬುಡದ ಹತ್ತಿರ ತಟ್ಟಿದರೆ ತುದಿಯವರೆಗೆ ಶಾಕ್ ಹೊಡೆದಂತಾಗುತ್ತದೆ. ಅಲ್ಲಿ ದಡ್ಡುಗಟ್ಟಿದ ಚರ್ಮದ ಕೆಳಗೆ ಒತ್ತಿದರೆ ಜಾರುವ ಸಣ್ಣ ಗಂಟು ಸಿಕ್ಕಿದರೆ ತಡಮಾಡಬಾರದು. ಜೋಮು ಮರುದಿನವೂ ಉಳಿದರೆ ಅದು ಪೂರ್ತಿ ಹೋಗುವವರೆಗೆ ಆಟ ನಿಲ್ಲಿಸಿ. ಅದೇ ಬಾಲ್ ಹಿಡಿದು ‘ಎರಡು ಗೇಮ್ ಮಾತ್ರ’ ಅನ್ನುವುದು ಬೇಡ. ಮೊದಲ ಹಂತದಲ್ಲಿ ವಿಶ್ರಾಂತಿ, ತೂತಿನ ತಿದ್ದುಪಡಿ, ಕೆಲವರಿಗೆ ಹೆಬ್ಬೆರಳಿಗೆ ತೊಡಿಸುವ ಪ್ಲಾಸ್ಟಿಕ್ ಕವಚ, ಇಷ್ಟರಲ್ಲೇ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಇದಾವುದಕ್ಕೂ ಬಗ್ಗದವರಿಗಷ್ಟೇ ಶಸ್ತ್ರಚಿಕಿತ್ಸೆ.

ಗುರುತು ನೋಡಿ ತಪ್ಪು ಹುಡುಕುವುದು

ಕೈ ಮೇಲಿನ ಗುಳ್ಳೆ, ದಡ್ಡು ಎಲ್ಲಿದೆ ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ಹೆಬ್ಬೆರಳ ಗೆಣ್ಣಿನ ಹಿಂಬದಿ ಸುಲಿದಿದ್ದರೆ ತೂತು ಸಡಿಲ, ನೀವು ಗೆಣ್ಣು ಮಡಚಿ ಹಿಡಿಯುತ್ತಿದ್ದೀರಿ. ಬುಡದಲ್ಲಿ ಚರ್ಮ ಕಿತ್ತಿದ್ದರೆ ಸ್ಪ್ಯಾನ್ ಉದ್ದ ಇರಬೇಕು, ಇಲ್ಲವೇ ಅಂಚು ಚೂಪು. ಅಂಗೈ ದಣಿದು ಮೊಣಕೈ ನೋಯುತ್ತಿದ್ದರೆ ಸ್ಪ್ಯಾನ್ ಗಿಡ್ಡವಾಗಿ ಹಿಂಡುತ್ತಿರುವ ಸಾಧ್ಯತೆ ಹೆಚ್ಚು. ಗುಳ್ಳೆಗೆ ಬ್ಯಾಂಡೇಜ್ ಸುತ್ತಿ ಆಡಿದರೆ ಬೆರಳು ದಪ್ಪವಾಗಿ ತೂತು ಇನ್ನಷ್ಟು ಬಿಗಿಯಾಗುತ್ತದೆ, ಅಷ್ಟೆ.

ಟೇಪ್, ಪಿಚ್, ಸ್ವಂತ ಬಾಲ್

ಹೆಬ್ಬೆರಳು ದಿನವಿಡೀ ಒಂದೇ ಗಾತ್ರ ಇರುವುದಿಲ್ಲ. ಡಿಸೆಂಬರ್ ಚಳಿಯಲ್ಲಿ ಬೈಕ್ ಓಡಿಸಿಕೊಂಡು ಬಂದಾಗ ಕುಗ್ಗಿರುತ್ತದೆ, ಹತ್ತಾರು ಸಲ ಎಸೆದ ಮೇಲೆ ಊದಿಕೊಳ್ಳುತ್ತದೆ. ಆದ್ದರಿಂದ ಸ್ವಂತ ಬಾಲ್‌ನ ತೂತನ್ನು ಊದಿದ ಗಾತ್ರಕ್ಕೆ ಕೊರೆಸಿ, ಸಡಿಲವಿದ್ದಾಗ ಬೌಲಿಂಗ್ ಟೇಪ್ ಅಂಟಿಸಿ, ಬಿಗಿಯಾದಂತೆ ಒಂದೊಂದೇ ಪದರ ಕಿತ್ತುಹಾಕಿ. ಮೊದಲ ಪದರ ಉಗುರಿನ ಬದಿಯ ಗೋಡೆಗಿರಲಿ. ಅಂಗೈ ಬದಿಗೆ ಅಂಟಿಸಿದರೆ ಟೇಪ್ ದಪ್ಪದಷ್ಟು ಸ್ಪ್ಯಾನ್ ಉದ್ದವಾಗುತ್ತದೆ. ಟೇಪಿನ ಮೇಲಂಚು ತೂತಿನ ಬಾಯಿಗಿಂತ ಸ್ವಲ್ಪ ಕೆಳಗಿರಲಿ, ಇಲ್ಲದಿದ್ದರೆ ಚರ್ಮಕ್ಕೆ ಸಿಕ್ಕಿ ಏಳುತ್ತದೆ.

ತೂತು ಬಾಲ್‌ನ ಕೇಂದ್ರಕ್ಕೆ ನೇರವಾಗಿದೆಯೋ, ಅಂಗೈ ಕಡೆಗೆ ವಾಲಿದೆಯೋ, ಹೊರಗೆ ವಾಲಿದೆಯೋ ಎಂಬುದು ಪಿಚ್. ಒಳಗೆ ಹೆಚ್ಚು ವಾಲಿದರೆ ಹೆಬ್ಬೆರಳು ಹೊರಬರಲು ತಡವಾಗಿ ಎಳೆಯುತ್ತದೆ. ಹೊರಗೆ ಹೆಚ್ಚು ವಾಲಿದರೆ ಬಾಲ್ ಬೇಗ ಜಾರುವ ಭಯಕ್ಕೆ ಹಿಂಡುವುದು ಶುರು. ಇದನ್ನು ಕೈಯ ಬಾಗುವಿಕೆ ನೋಡಿ ಡ್ರಿಲ್ಲರ್, ಅಂದರೆ ಬಾಲ್‌ಗೆ ತೂತು ಕೊರೆಯುವವರು, ತೀರ್ಮಾನಿಸಲಿ. ನೀವು ಮಾಡಬೇಕಾದ್ದು ಎರಡೇ: ಅಳತೆ ಕೊಡುವ ಮೊದಲು ಒಂದಷ್ಟು ಎಸೆದು ಕೈ ಬಿಸಿ ಮಾಡಿಕೊಳ್ಳಿ, ಕೈಯಲ್ಲಿ ಹಳೆಯ ನೋವು ಇದ್ದರೆ ಮುಚ್ಚಿಡದೆ ಹೇಳಿ. ನಡುಬೆರಳಿಗೂ ಉಂಗುರಬೆರಳಿಗೂ ಬೇರೆಬೇರೆ ಸ್ಪ್ಯಾನ್ ಅಳೆಯುತ್ತಾರೆ, ಅಳೆಯಲೇಬೇಕು.

ಸೆಕೆಂಡ್ ಹ್ಯಾಂಡ್ ಬಾಲ್ ಕಡಿಮೆ ಬೆಲೆಗೆ ಸಿಕ್ಕಿತೆಂದು ಹಾಗೇ ಆಡಬೇಡಿ. ಅದರ ತೂತುಗಳು ಬೇರೊಬ್ಬರ ಕೈಯ ಅಳತೆಯವು. ಹಳೆಯ ತೂತು ಮುಚ್ಚಿಸಿ ಹೊಸದಾಗಿ ಕೊರೆಸುವ ಖರ್ಚನ್ನೂ ಸೇರಿಸಿಯೇ ಬೆಲೆ ಲೆಕ್ಕಹಾಕಿ. ಬೆಳೆಯುವ ಮಕ್ಕಳ ಬಾಲ್ ಆರು ತಿಂಗಳಿಗೊಮ್ಮೆಯಾದರೂ ಪೆನ್ಸಿಲ್ ಇಟ್ಟು ನೋಡಿ. ವೈದ್ಯರಲ್ಲಿಗೆ ಹೋಗುವ ಸಂದರ್ಭ ಬಂದರೆ ಬಾಲನ್ನೂ ಜೊತೆಗೆ ಒಯ್ಯಿರಿ. ಹೆಬ್ಬೆರಳನ್ನು ತೂತಿನಲ್ಲಿಟ್ಟು ಅಂಚು ಎಲ್ಲಿ ಒತ್ತುತ್ತದೆಂದು ತೋರಿಸಿದರೆ ನೋವು ಎಲ್ಲಿಂದ ಶುರುವಾಯಿತು ಅನ್ನುವುದು ಅವರಿಗೂ ಬೇಗ ಗೊತ್ತಾಗುತ್ತದೆ, ಆಮೇಲೆ ಡ್ರಿಲ್ಲರ್‌ಗೂ ಎಲ್ಲಿ ಉಜ್ಜಬೇಕು ಅನ್ನುವುದು ತಿಳಿಯುತ್ತದೆ.