ಉಣುಗು ಹುಳ ಹೌದು, ಕೀಟ ಅಲ್ಲ

ಮಂಗನ ಕಾಯಿಲೆ ಸೀಸನ್ ಬಂತು ಅಂದ್ರೆ ಸಾಕು, "ಈ ಕೀಟ ಕಚ್ಚಿದ್ರೆ ಹುಷಾರ್" ಅಂತ ಹೆಡ್ಡಿಂಗ್, ಕೆಳಗೆ ಉಣುಗಿನ ಫೋಟೋ. ಮೊನ್ನೆನೂ ಅದೇ, ಫೋಟೋದಲ್ಲಿ ಎಂಟು ಕಾಲು ಎಣಿಸೋ ಹಾಗೆ ಕಾಣ್ತಿದೆ, ಆದ್ರೂ ಕೀಟ ಅಂತೆ.

ಕೀಟಕ್ಕೆ ಕಾಲು ಆರೇ. ದುಂಬಿಗೆ ಹಳೇ ಕನ್ನಡದಲ್ಲಿ ಆರಡಿ ಅನ್ನೋ ಹೆಸರಿದೆ, ಅಡಿ ಅಂದ್ರೆ ಪಾದ. ಜೇಡ, ಚೇಳು, ಉಣುಗು ಎಂಟು ಕಾಲಿನ ಬೇರೆ ಕುಲ, ಅವಕ್ಕೆ ತಲೆ ಮೇಲೆ ಮೀಸೆನೂ ಇಲ್ಲ, ರೆಕ್ಕೆನೂ ಇಲ್ಲ.

ಎಡವಟ್ಟಾಗೋದು 'ಹುಳ' ಅನ್ನೋದು ಹಳ್ಳಿ ಮಾತು ಅಂತ ಕೈಬಿಟ್ಟು ಅದರ ಜಾಗದಲ್ಲಿ 'ಕೀಟ' ಕೂರಿಸಿದಾಗ. ಹಳಗನ್ನಡದ ಪುೞು ನಮ್ಮ ಬಾಯಲ್ಲಿ ಹುಳು, ಹುಳ ಆಯ್ತು, ತಮಿಳು ಮಲಯಾಳಂನವರು ಇವತ್ತಿಗೂ ಆ ಹಳೇ ಉಚ್ಚಾರಣೆನೇ ಇಟ್ಕೊಂಡಿದಾರೆ. ನಮ್ಮ ಹುಳದ ಹೊಟ್ಟೆ ದೊಡ್ಡದು: ಎರೆಹುಳಕ್ಕೆ ಕಾಲೇ ಇಲ್ಲ, ಜಂತುಹುಳ ಕರುಳಲ್ಲಿರುತ್ತೆ, ಮಿಂಚುಹುಳ ಜೀರುಂಡೆ ಜಾತಿ, ರೇಷ್ಮೆ ಹುಳ ಪತಂಗದ ಮರಿ (ಹದಿನಾರು ಕಾಲು ಕಾಣ್ಸುತ್ತೆ, ಅದರಲ್ಲಿ ನಿಜವಾದ ಕಾಲು ಎದೆ ಹತ್ರ ಇರೋ ಆರೇ). ಇಷ್ಟನ್ನೂ ಒಂದೇ ಪದ ಹೊರುತ್ತೆ, ತಪ್ಪೇನಿಲ್ಲ. ಕೀಟ ಹೊರಲ್ಲ. ಹೆಸರಿಟ್ಟಿರೋ ಕೀಟಗಳೇ ಸುಮಾರು 10 ಲಕ್ಷ ಜಾತಿ, ಅದರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಬರೀ ಜೀರುಂಡೆ, ಇನ್ನೂ ಹೆಸರಿಲ್ಲದವು ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ಅಂತ ಲೆಕ್ಕ. ಇಷ್ಟು ದೊಡ್ಡ ಸಂಸಾರಕ್ಕೆ ಪಕ್ಕದ ಮನೆ ಉಣುಗನ್ನೂ ಯಾಕೆ ಸೇರಿಸ್ಬೇಕು?

ಮೊಟ್ಟೆಯಿಂದ ಬಂದಾಗ ಉಣುಗಿಗೂ ಆರೇ ಕಾಲಲ್ವಾ ಅಂತ ಕೇಳೋರಿದ್ದಾರೆ. ನಿಜ, ಆದ್ರೆ ಒಂದ್ಸಲ ರಕ್ತ ಕುಡಿದು ಪೊರೆ ಬಿಟ್ಟ ಮೇಲೆ ಎಂಟು, ಮತ್ತೆ ಮಂಗನ ಕಾಯಿಲೆನ ಮನುಷ್ಯರಿಗೆ ಹೆಚ್ಚಾಗಿ ಅಂಟಿಸೋದು ಈ ಎಂಟು ಕಾಲಿನ ಮರಿನೇ.

ಪದ ತಪ್ಪಿದ್ರೆ ಏನಾಯ್ತು ಅನ್ಬೇಡಿ. ಕೀಟ ಕಚ್ಚುತ್ತೆ ಅಂದ್ರೆ ಜನ ಸೊಳ್ಳೆ ಥರ ಹಾರೋದನ್ನ ನೋಡ್ಕೋತಾರೆ. ಉಣುಗು ಹಾರಲ್ಲ, ನೆಗೆಯಲ್ಲ, ತರಗೆಲೆ ಮೇಲೆ, ಗಿಡದ ತುದೀಲಿ ಕಾಯ್ತಾ ಕೂತಿದ್ದು ನಾವು ಸವರಿಕೊಂಡು ಹೋದಾಗ ಹತ್ಕೊಳ್ಳುತ್ತೆ. 1957ರಲ್ಲಿ ಈ ಕಾಯಿಲೆ ಪತ್ತೆಯಾಗಿದ್ದೇ ಸೊರಬದ ಕ್ಯಾಸನೂರು ಕಾಡಲ್ಲಿ. ಆ ಕಡೆ ಉಣುಗು ಅಂತ ಹೇಳಿ ನೋಡಿ, ತರಗು ಗುಡಿಸಿ ಬಂದವರು ಮೊದಲು ಕಾಲು ನೋಡ್ಕೋತಾರೆ, ಆಮೇಲೆ ಕೊಟ್ಟಿಗೆಗೆ ಹೋಗಿ ದನದ ಕಿವಿ ನೋಡ್ತಾರೆ.