'ಅವನು' ಹೋಗಿ 'ಯಾರಾದರೂ' ಬಂದ ಕಥೆ

ಬೈಬಲ್‌ನ ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 10ನೇ ಅಧ್ಯಾಯ, 38ನೇ ವಚನ. ಅದರ ಗ್ರೀಕ್ ಮೂಲವನ್ನು ಕನ್ನಡದಲ್ಲಿ ಹೇಳುವುದು ಕಷ್ಟವೇನಲ್ಲ: 'ನೀತಿವಂತನು ನಂಬಿಕೆಯಿಂದ ಬದುಕುವನು, ಹಿಂದೆ ಸರಿದರೆ ಅವನಲ್ಲಿ ನನ್ನ ಮನಸ್ಸಿಗೆ ಸಂತೋಷವಿಲ್ಲ.' ಹಿಂದೆ ಸರಿಯುವುದು ಯಾರು? ಗ್ರೀಕ್‌ನಲ್ಲಿ ಬಿಡಿಸಿ ಹೇಳಿಲ್ಲ. ಕನ್ನಡದಲ್ಲೂ ಹೇಳಬೇಕಾಗಿಲ್ಲ. 'ಊರಿಗೆ ಹೋದ, ಬರಲೇ ಇಲ್ಲ' ಅಂದರೆ ನಮಗೆ ಸಾಕು ಅಲ್ವಾ? ಇಂಗ್ಲಿಷ್‌ಗೆ ಆ ಅನುಕೂಲ ಇಲ್ಲ. ಕ್ರಿಯಾಪದದ ಮುಂದೆ ಯಾರನ್ನಾದರೂ ತಂದು ಕೂರಿಸಲೇಬೇಕು.

16ನೇ ಶತಮಾನದ ಮೊದಲರ್ಧದಲ್ಲಿ ಇಂಗ್ಲಿಷ್ ಅನುವಾದಕ ವಿಲಿಯಂ ಟಿಂಡೇಲ್ ಅಲ್ಲಿ 'ಅವನು' ಎಂದು ಹಾಕಿದ. ಅಂದರೆ ನೀತಿವಂತನೇ ಹಿಂದೆ ಸರಿಯಬಹುದು. 1560ರ ಜಿನೀವಾ ಬೈಬಲ್‌ನಲ್ಲಿ ಆ ಜಾಗಕ್ಕೆ 'ಯಾರಾದರೂ' ಬಂತು. 1611ರ ಕಿಂಗ್ ಜೇಮ್ಸ್ ಬೈಬಲ್ ಅದನ್ನೇ 'ಯಾವನಾದರೂ' ಎಂದು ಉಳಿಸಿಕೊಂಡಿತು. ಕಿಂಗ್ ಜೇಮ್ಸ್‌ನ ಈಗಿನ ಪ್ರತಿಗಳಲ್ಲಿ ಈ 'ಯಾವನಾದರೂ' ಓರೆ ಅಕ್ಷರದಲ್ಲಿರುತ್ತದೆ. ಓರೆ ಅಕ್ಷರ ಅಂದರೆ ಮೂಲದಲ್ಲಿಲ್ಲ, ಅನುವಾದಕರು ಸೇರಿಸಿದ್ದು ಎಂದು ಅರ್ಥ.

ಇಷ್ಟು ಸಣ್ಣ ಮಾತಿಗೆ ಜಗಳ ಯಾಕೆ? 16ನೇ ಶತಮಾನದ ಪ್ರೊಟೆಸ್ಟಂಟ್ ಸುಧಾರಕ ಜಾನ್ ಕಾಲ್ವಿನ್‌ನ ದಾರಿಯಲ್ಲಿ ನಡೆದವರ ನಂಬಿಕೆ ಹೀಗಿದೆ: ಯಾರಿಗೆ ರಕ್ಷಣೆ ಎಂಬುದನ್ನು ಲೋಕ ಹುಟ್ಟುವ ಮೊದಲೇ ದೇವರು ತೀರ್ಮಾನಿಸಿದ್ದಾನೆ, ಹಾಗೆ ಆಯ್ಕೆಯಾದವರು ಎಡವಬಹುದು, ಆದರೆ ಕೊನೆಗೂ ಕೈತಪ್ಪಿ ಹೋಗುವುದಿಲ್ಲ. 'ಅವನು ಹಿಂದೆ ಸರಿದರೆ' ಎಂದು ಓದಿದರೆ ಈ ನಂಬಿಕೆಗೆ ಇಕ್ಕಟ್ಟು. 'ಯಾರಾದರೂ' ಎಂದರೆ ಇಕ್ಕಟ್ಟು ಇಲ್ಲ, ಸರಿದವನು ಬೇರೆ ಯಾರೋ ಇರಬಹುದು.

ಆ 'ಯಾರಾದರೂ' ಎಲ್ಲಿಂದ ಬಂತು ಎಂಬುದು ದೊಡ್ಡ ಗುಟ್ಟೇನಲ್ಲ. ಇಂಗ್ಲೆಂಡಿನಲ್ಲಿ ರಾಣಿ ಮೇರಿ ಪ್ರೊಟೆಸ್ಟಂಟರನ್ನು ಸುಡಿಸುತ್ತಿದ್ದ ಕಾಲ ಅದು. ಜೀವ ಉಳಿಸಿಕೊಳ್ಳಲು ಕೆಲವು ವಿದ್ವಾಂಸರು ಕಾಲ್ವಿನ್ ಇದ್ದ ಜಿನೀವಾಕ್ಕೆ ಓಡಿಹೋದರು. ಅಲ್ಲಿ ಕಾಲ್ವಿನ್‌ನ ಜೊತೆಗಾರ ಥಿಯೊಡೋರ್ ಬೆಝಾನ ಲ್ಯಾಟಿನ್ ಹೊಸ ಒಡಂಬಡಿಕೆ ಅವರ ಕೈಗೆ ಸಿಕ್ಕಿತು. ಅದರಲ್ಲೂ 'ಯಾರಾದರೂ' ಎಂದೇ ಇತ್ತು. ತನ್ನ ಪಂಥದ ನಂಬಿಕೆಗಾಗಿ ಬೆಝಾ ಅದನ್ನು ಸೇರಿಸಿದ ಎಂಬ ದೂರಿದೆ.

ಈ ಜಿನೀವಾ ಬೈಬಲ್ ಜನರ ಮನೆ ಸೇರಿದ್ದು ಸುಮ್ನೆ ಅಲ್ಲ. ಗಾತ್ರ ಚಿಕ್ಕದು, ಅಕ್ಷರ ಓದಲು ಸುಲಭ, ಪೂರ್ತಿ ಬೈಬಲ್‌ಗೆ ವಚನ ಸಂಖ್ಯೆ ಹಾಕಿದ ಮೊದಲ ಇಂಗ್ಲಿಷ್ ಅನುವಾದ. ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಪುಟದ ಅಂಚಿನಲ್ಲಿದ್ದ ಟಿಪ್ಪಣಿಗಳು. ರೋಮಾಪುರದವರಿಗೆ ಬರೆದ ಪತ್ರಿಕೆಯ 9ನೇ ಅಧ್ಯಾಯಕ್ಕೆ ಬನ್ನಿ. ಆಯ್ಕೆಗೂ ತಿರಸ್ಕಾರಕ್ಕೂ ಮುಖ್ಯ ಕಾರಣ ದೇವರ ಚಿತ್ತ ಒಂದೇ ಎಂದು ಪಕ್ಕದಲ್ಲೇ ಬರೆದಿದೆ. ಮನೆಯಲ್ಲಿ ದೀಪದ ಬೆಳಕಲ್ಲಿ ಓದುವವನಿಗೆ ಪತ್ರಿಕೆ ಬರೆದ ಪೌಲನ ಮಾತು ಎಲ್ಲಿ ಮುಗಿಯಿತು, ಟಿಪ್ಪಣಿ ಎಲ್ಲಿ ಶುರುವಾಯಿತು ಎಂಬ ಭೇದ ಎಷ್ಟು ದಿನ ಉಳಿದೀತು? ನನ್ನ ಪ್ರಕಾರ ಕಾಲ್ವಿನ್‌ನ ಬೋಧನೆ ಇಂಗ್ಲಿಷ್ ಮನೆಗಳಿಗೆ ಹೊಕ್ಕಿದ್ದು ವಚನಗಳಿಗಿಂತ ಹೆಚ್ಚಾಗಿ ಈ ಅಂಚಿನ ಮೂಲಕ.

ಇಂಗ್ಲೆಂಡಿನ ರಾಜ ಜೇಮ್ಸ್‌ಗೆ ಈ ಟಿಪ್ಪಣಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಅದು ಕಾಲ್ವಿನ್ ಮೇಲಿನ ಸಿಟ್ಟು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. 1604ರ ಜನವರಿಯಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ನಡೆದ ಸಭೆಯಲ್ಲಿ ಅವನು ಎತ್ತಿ ತೋರಿಸಿದ್ದು ಬೇರೆಯದನ್ನು. ವಿಮೋಚನಕಾಂಡದ ಮೊದಲ ಅಧ್ಯಾಯದಲ್ಲಿ ಸೂಲಗಿತ್ತಿಯರು ಈಜಿಪ್ಟಿನ ರಾಜ ಫರೋಹನ ಆಜ್ಞೆ ಮೀರುತ್ತಾರೆ. ಮೀರಿದ್ದು ಸರಿ ಎಂದು ಟಿಪ್ಪಣಿ ಹೇಳುತ್ತದೆ. ರಾಜನಾದವನಿಗೆ ಅದು ಹಿಡಿಸುತ್ತದಾ? ಅವನು ಮಾಡಿಸಿದ ಹೊಸ ಅನುವಾದದಲ್ಲಿ, ಅಂದರೆ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ, ಪದದ ಅರ್ಥ ಬಿಡಿಸುವುದಕ್ಕೆ ಬಿಟ್ಟರೆ ಬೇರೆ ಟಿಪ್ಪಣಿ ಇರಬಾರದು ಎಂದು ನಿಯಮವಾಯಿತು. ಆದರೆ ಇದೇ ಜೇಮ್ಸ್ 1618ರಲ್ಲಿ ಹಾಲೆಂಡಿನ ಡೋರ್ಟ್ ಸಭೆಗೆ ತನ್ನ ಪ್ರತಿನಿಧಿಗಳನ್ನು ಕಳಿಸಿದ. ದೇವರ ಆಯ್ಕೆಯ ವಿಷಯದಲ್ಲಿ ತಕರಾರು ಎತ್ತಿದ್ದ ಅರ್ಮಿನಿಯಸ್ ಪಂಥದವರನ್ನು ತಪ್ಪಿತಸ್ಥರೆಂದು ಹೇಳಿ, ಇಂದು 'ಕಾಲ್ವಿನ್ ಪಂಥದ ಐದು ಅಂಶ' ಎನ್ನುವುದಕ್ಕೆ ಬುನಾದಿ ಹಾಕಿದ ಸಭೆ ಅದೇ. ಹೊಸ ಡಚ್ ಬೈಬಲ್ ಮಾಡಬೇಕೆಂದು ತೀರ್ಮಾನಿಸಿದ್ದೂ ಅದೇ ಸಭೆ. 1637ರಲ್ಲಿ ಅದು ಅಚ್ಚಾಯಿತು, ಅಂಚಿನ ತುಂಬ ಟಿಪ್ಪಣಿ ಸಮೇತ. ಅತ್ತ ಇಂಗ್ಲಿಷ್ ಓದುಗರೂ ಟಿಪ್ಪಣಿ ಬಿಟ್ಟಿರಲು ತಯಾರಿರಲಿಲ್ಲ. 1642ರಲ್ಲಿ ಆಮ್‌ಸ್ಟರ್‌ಡ್ಯಾಂನಲ್ಲಿ ಕಿಂಗ್ ಜೇಮ್ಸ್ ಪಠ್ಯಕ್ಕೆ ಜಿನೀವಾ ಟಿಪ್ಪಣಿ ಸೇರಿಸಿಯೇ ಅಚ್ಚು ಹಾಕಿದರು!

ಅನುವಾದವೇ ನಂಬಿಕೆಯನ್ನು ತೀರ್ಮಾನಿಸುವುದಾದರೆ 18ನೇ ಶತಮಾನದ ಇಬ್ಬರು ಗೆಳೆಯರನ್ನು ಹೇಗೆ ವಿವರಿಸುವುದು? ಇಂಗ್ಲಿಷ್ ಬೋಧಕರಾದ ಜಾನ್ ವೆಸ್ಲಿ, ಜಾರ್ಜ್ ವೈಟ್‌ಫೀಲ್ಡ್, ಇಬ್ಬರ ಕೈಯಲ್ಲೂ ಇದ್ದದ್ದು ಕಿಂಗ್ ಜೇಮ್ಸ್ ಬೈಬಲ್. 1739ರಲ್ಲಿ ವೆಸ್ಲಿ ಪೂರ್ವನಿರ್ಣಯದ (ಆಯ್ಕೆ ಮೊದಲೇ ಆಗಿದೆ ಎಂಬ ನಂಬಿಕೆಯ) ವಿರುದ್ಧ ಖಾರವಾಗಿ ಬೋಧಿಸಿದ. ಮುಂದಿನ ವರ್ಷ ವೈಟ್‌ಫೀಲ್ಡ್ ಅದಕ್ಕೆ ಉತ್ತರವಾಗಿ ಕಾಗದ ಬರೆದ. ಒಂದೇ ಪುಸ್ತಕ, ಎರಡು ತೀರ್ಮಾನ. ಆದರೂ ವೆಸ್ಲಿಗೆ ಆ 'ಯಾವನಾದರೂ' ಚುಚ್ಚುತ್ತಿತ್ತು. 1755ರಲ್ಲಿ ಅವನು ತಂದ ಹೊಸ ಒಡಂಬಡಿಕೆಯಲ್ಲಿ ಅದನ್ನು ಕಿತ್ತು ಮತ್ತೆ 'ಅವನು' ಎಂದು ಹಾಕಿದ.

ಬೆಝಾನ ಮೇಲೆ ಇನ್ನೊಂದು ದೂರೂ ಇದೆ. ಅದೇ ಪತ್ರಿಕೆಯ 6ನೇ ಅಧ್ಯಾಯ, 6ನೇ ವಚನದಲ್ಲಿ 'ಬಿದ್ದುಹೋದವರು' ಎಂಬುದನ್ನು 'ಬಿದ್ದುಹೋದರೆ' ಎಂದು ಮಾಡಿ, ಆದದ್ದನ್ನು ಬರೀ ಊಹೆಯನ್ನಾಗಿಸಿದ್ದು ಅವನೇ ಎಂದು. ಇದು ನಿಲ್ಲುವ ಆರೋಪ ಅಲ್ಲ. ಟಿಂಡೇಲ್‌ನಲ್ಲೇ 'ಬಿದ್ದರೆ' ಎಂದಿದೆ, ಬೆಝಾ ಇನ್ನೂ ಹುಡುಗನಾಗಿದ್ದಾಗ!

ನಮ್ಮ ಕಡೆಯೂ ಅದೇ ಕಥೆ, ಒಂದೇ ಪುಸ್ತಕ, ಎರಡು ಪರಂಪರೆ. ಬಳ್ಳಾರಿಯಲ್ಲಿ ಕನ್ನಡ ಬೈಬಲ್ ಕೆಲಸ ಮಾಡಿದ ಜಾನ್ ಹ್ಯಾಂಡ್ಸ್ ಲಂಡನ್ ಮಿಷನ್‌ನವನು. ಆ ಮಿಷನ್ನಿನ ಬೇರು ಕಾಲ್ವಿನ್ ಕಡೆಯದು. ಮೈಸೂರು ಸೀಮೆಗೆ ಬಂದವರು ವೆಸ್ಲಿಯ ಮೆಥೊಡಿಸ್ಟರು. ಓದಿದ್ದು ಮಾತ್ರ ಕನ್ನಡ ಸತ್ಯವೇದವನ್ನೇ. 1947ರಲ್ಲಿ ಎರಡೂ ಪರಂಪರೆಯವರು ದಕ್ಷಿಣ ಭಾರತ ಸಭೆಯೊಳಗೆ ಒಂದಾದರು.

ಅಮೆರಿಕದಲ್ಲಿ ಈಚೆಗೆ ಯಾವ ಅನುವಾದ ಓದುತ್ತೀರಿ ಎಂಬುದು ಮತ್ತೆ ಗುರುತಿನ ಪ್ರಶ್ನೆಯಾಗಿದೆ. 1978ರಲ್ಲಿ ಪೂರ್ತಿ ಬಂದ ಎನ್‌ಐವಿ ಅನುವಾದದ ಕಾರ್ಯದರ್ಶಿ ಎಡ್ವಿನ್ ಪಾಮರ್, ಕಾಲ್ವಿನ್‌ನ ಐದು ಅಂಶಗಳ ಬಗ್ಗೆ ಪುಸ್ತಕವನ್ನೇ ಬರೆದವನು. ಕಿಂಗ್ ಜೇಮ್ಸ್ ಬಿಟ್ಟರೆ ಬೇರೆ ಬೇಡ ಎನ್ನುವವರಿಗೆ, ಎನ್‌ಐವಿ ಕಾಲ್ವಿನ್ ಪಂಥದ್ದು ಎನ್ನಲು ಅದೊಂದೇ ಸಾಕ್ಷಿ ಸಾಕಾಯಿತು. 2001ರ ಇಎಸ್‌ವಿ ಎಂಬ ಇಂಗ್ಲಿಷ್ ಅನುವಾದ ಈಗ ಕಾಲ್ವಿನ್ ಒಲವಿನ ಸಭೆಗಳ ಮೆಚ್ಚಿನ ಬೈಬಲ್. ಬೈಬಲ್‌ನ ಕೊನೆಯ ಪುಸ್ತಕವಾದ 'ಪ್ರಕಟನೆ'ಯ 13ನೇ ಅಧ್ಯಾಯದ 8ನೇ ವಚನವನ್ನು ಅದರ ಪಕ್ಷಪಾತಕ್ಕೆ ಉದಾಹರಣೆ ಎನ್ನುತ್ತಾರೆ. 'ಲೋಕಾದಿಯಿಂದ' ಎಂಬ ಮಾತು ಕಿಂಗ್ ಜೇಮ್ಸ್‌ನಲ್ಲಿ 'ವಧಿಸಲ್ಪಟ್ಟ ಕುರಿ'ಗೆ (ಅಂದರೆ ಕ್ರಿಸ್ತನಿಗೆ) ಅಂಟಿಕೊಂಡಿದೆ. ಇಎಸ್‌ವಿಯಲ್ಲಿ ಅದು ಜೀವಬಾಧ್ಯರ, ಅಂದರೆ ರಕ್ಷಣೆ ಪಡೆಯುವವರ, ಪುಸ್ತಕದಲ್ಲಿ ಹೆಸರು ಬರೆಯುವುದಕ್ಕೆ ಅಂಟಿದೆ. ಹೆಸರು ಮೊದಲೇ ಬರೆದಾಗಿದೆ ಅಂದರೆ ಆಯ್ಕೆಯೂ ಮೊದಲೇ ಆಗಿದೆ, ಅಲ್ವಾ? ಗ್ರೀಕ್ ಎರಡಕ್ಕೂ ಜಾಗ ಕೊಡುತ್ತದೆ. ಆದರೆ ಇಎಸ್‌ವಿ ಇದನ್ನು ಹೊಸದಾಗಿ ಮಾಡಿದ್ದಲ್ಲ. ಅದಕ್ಕೆ ಆಧಾರವಾದ ಹಳೆಯ ಅನುವಾದ ಆರ್‌ಎಸ್‌ವಿಯಲ್ಲೇ ಹಾಗಿದೆ. ಆರ್‌ಎಸ್‌ವಿಯನ್ನು ಕಾಲ್ವಿನ್ ಪಂಥದ್ದು ಎಂದವರನ್ನು ನಾನಂತೂ ಕಂಡಿಲ್ಲ, ಉದಾರವಾದಿಗಳದ್ದು ಎಂದು ಬೈದವರೇ ಜಾಸ್ತಿ.

ಅಂಚಿನ ಟಿಪ್ಪಣಿಯೂ ತಿರುಗಿ ಬಂದಿದೆ, ಈಗ ಪುಟದ ಕೆಳಗೆ. 1995ರಲ್ಲಿ ಕಾಲ್ವಿನ್ ಪಂಥದ ಆರ್. ಸಿ. ಸ್ಪ್ರೌಲ್ ಸಂಪಾದಕತ್ವದಲ್ಲಿ ಬಂದ ಅಧ್ಯಯನ ಬೈಬಲ್‌ಗೆ 'ಹೊಸ ಜಿನೀವಾ' ಎಂದೇ ಹೆಸರಿಟ್ಟರು. ಅದರ ಪಠ್ಯ ಇದ್ದದ್ದು ಹೊಸ ಕಿಂಗ್ ಜೇಮ್ಸ್‌ನದು. ಮನೆಯ ಹೆಸರು ಒಬ್ಬರದು, ಗೋಡೆ ಇನ್ನೊಬ್ಬರದು.

ಇನ್ನು ಆ ಇಬ್ರಿಯ 10:38. ಇಎಸ್‌ವಿ ತೆರೆದು ನೋಡಿದರೆ 'ಯಾರಾದರೂ' ಇಲ್ಲ, 'ಅವನು' ಇದೆ. ವೆಸ್ಲಿ ಕೇಳಿದ್ದು ಅವನ ಎದುರಾಳಿಗಳ ಮೆಚ್ಚಿನ ಬೈಬಲ್‌ನಲ್ಲೇ ಅಚ್ಚಾಗಿದೆ. ಅದರಿಂದ ಯಾರೂ ಕಾಲ್ವಿನ್‌ನನ್ನು ಬಿಟ್ಟಂತೆ ಕಾಣುವುದಿಲ್ಲ. 'ನಾವಾದರೋ ಹಿಂದೆ ಸರಿಯುವವರಲ್ಲ' ಎನ್ನುವ 39ನೇ ವಚನಕ್ಕೆ ಬೆರಳಿಟ್ಟು, ಮುಂದೆ ಓದಿ ಎನ್ನುತ್ತಾರೆ.